ಎರವಲು ತಂದ ಸೀಸೆ

ಹೆಂಡತಿ ಆ ಎರಡು ಹಾಳೆಗಳನ್ನು ಊಟದ ಮೇಜಿನ ಮೇಲಿಟ್ಟದ್ದು ಸೋಮವಾರ ಬೆಳಿಗ್ಗೆ, ಅವನು ಕಾಫಿ ಲೋಟವನ್ನು ಎರಡನೇ ಸಲ ಬಾಯಿಗೆತ್ತುವಾಗ. ಫ್ಯಾನಿನ ಗಾಳಿಗೆ ಹಾರದ ಹಾಗೆ ಮೇಲೆ ಉಪ್ಪಿನ ಡಬ್ಬಿಯನ್ನೂ ಇಟ್ಟಳು.

“ನನ್ನಲ್ಲಿ ಯಾವ ದೋಷವೂ ಇಲ್ಲವಂತೆ. ಓದ್ಕೊಳ್ಳಿ,” ಅಂದಳು. “ಇನ್ನು ನಿಮ್ಮ ಸರದಿ.”

ಧ್ವನಿಯಲ್ಲಿ ಜಗಳವಿರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವೇ ಆಗುತ್ತಿತ್ತು, ಜಗಳದಲ್ಲಿ ಅವನು ಯಾರಿಗೂ ಸೋತವನಲ್ಲ. ಆರು ವರ್ಷ ತಲೆ ತಗ್ಗಿಸಿಕೊಂಡಿದ್ದವಳು ಇವತ್ತು ಕಣ್ಣಿಗೆ ಕಣ್ಣು ಕೊಟ್ಟು ನಿಂತಿದ್ದಾಳೆ ಅನ್ನುವುದೇ ಅವನ ಮೈಗೆ ಉರಿ ಹತ್ತಿಸಿತು.

ಅವನು ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಮೇಲ್ವಿಚಾರಕ. ಸೇಬು, ಆಲೂಗಡ್ಡೆ, ಬೆಣ್ಣೆ, ಹೂವು ಯಾವುದಕ್ಕೆ ಎಷ್ಟು ತಂಪು ಬೇಕು, ಯಾವುದರ ಪಕ್ಕ ಯಾವುದನ್ನಿಟ್ಟರೆ ಕೆಡುತ್ತದೆ, ಬಾಗಿಲು ಎಷ್ಟು ನಿಮಿಷ ತೆರೆದರೆ ಒಳಗಿನ ಅಂಕಿ ಏರುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ಕೆಲಸದವರು ಬೆನ್ನ ಹಿಂದೆ ‘ಡಿಗ್ರಿ ಸಾರ್’ ಅನ್ನುತ್ತಿದ್ದರು. ಅದು ಅವನ ಕಿವಿಗೂ ಬಿದ್ದು, ಒಳಗೊಳಗೇ ಹಿಗ್ಗಿದ್ದ. ಹನ್ನೊಂದು ವರ್ಷದಲ್ಲಿ ಅವನ ಕಣ್ಗಾವಲಿನಲ್ಲಿ ಒಂದು ಪೆಟ್ಟಿಗೆ ಮಾಲೂ ಕೊಳೆತಿರಲಿಲ್ಲ.

ತನ್ನ ಗುಟ್ಟನ್ನೂ ಅವನು ಅಷ್ಟೇ ಜತನದಿಂದ ಕಾದಿದ್ದ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನಿಗೆ ಮಂಗನಬಾವು ಬಂದಿತ್ತು. ಕೆನ್ನೆ ಊದಿ ಇಳಿದ ಮೇಲೆ ಬಾವು ಕೆಳಗೆ ವೃಷಣಕ್ಕಿಳಿದು ಹತ್ತು ದಿನ ಹಾಸಿಗೆ ಹಿಡಿಸಿತ್ತು. ಮದುವೆಯ ಮಾತು ಶುರುವಾದಾಗ, ಯಾವುದಕ್ಕೂ ಇರಲಿ ಎಂದು, ಗುರುತಿನವರು ಯಾರೂ ಇಲ್ಲದ ಊರೊಂದಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡ. ಅಲ್ಲಿನ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. ವೀರ್ಯದಲ್ಲಿ ವೀರ್ಯಾಣು ಒಂದೂ ಇಲ್ಲ, ಮುಂದೆ ಬರುವ ಭರವಸೆಯೂ ಇಲ್ಲ ಅಂದರು. ಆ ವರದಿಯನ್ನು ಬಸ್ ನಿಲ್ದಾಣದ ಶೌಚಾಲಯದಲ್ಲಿ ಚೂರು ಚೂರು ಮಾಡಿ ನೀರು ಬಿಟ್ಟು ಬಂದ. ಆಮೇಲೆ ಮದುವೆಯಾದ. ಮೋಸ ಮಾಡುತ್ತಿದ್ದೇನೆ ಅನ್ನಿಸಲಿಲ್ಲ. ದೇಹ ತನಗೆ ಅನ್ಯಾಯ ಮಾಡಿದೆ, ತಾನು ಅದಕ್ಕೆ ಬಗ್ಗಲಿಲ್ಲ, ಅಷ್ಟೇ ಅನ್ನಿಸಿತು.

ಈ ಆರು ವರ್ಷದಲ್ಲಿ ಹೆಂಡತಿಯನ್ನು ಮೂವರು ಡಾಕ್ಟರುಗಳ ಹತ್ತಿರ ಕರೆದುಕೊಂಡು ಹೋದವನೂ ಅವನೇ. ಪ್ರತಿ ಸಲವೂ ಕುರ್ಚಿ ಮುಂದಕ್ಕೆಳೆದು ತಾನೇ ಕೂತ. ಅವಳಿಗೆ ಕೇಳಿದ ಪ್ರಶ್ನೆಗೂ ಉತ್ತರ ಅವನ ಬಾಯಿಂದಲೇ ಬಂತು. ತಿಂಗಳ ಮುಟ್ಟಿನ ದಿನಾಂಕವನ್ನೂ ಅವನೇ ಹೇಳಿದ. ಗಂಡನ ಪರೀಕ್ಷೆ ಆಗಿದೆಯಾ ಅಂದರೆ “ಆಗಿದೆ ಸಾರ್, ನಾರ್ಮಲ್” ಅನ್ನುತ್ತಿದ್ದ. ಗಂಡಸು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ ಯಾರೂ ಕಾಗದ ತೋರಿಸು ಅನ್ನಲಿಲ್ಲ. ಮೂರನೇ ಡಾಕ್ಟರು ಹೆಸರು ಗೊತ್ತಿಲ್ಲದ ಮಾತ್ರೆ ಕೊಟ್ಟು, ಅವಳು ನಾಲ್ಕು ತಿಂಗಳು ವಾಂತಿ ಮಾಡಿಕೊಂಡಿದ್ದಳು. ಅವನ ಅಕ್ಕ ಬಂದು ಅವಳ ಬೆನ್ನು ಸವರಿ, “ಏನು ಮಾಡೋದಮ್ಮ, ಪಡ್ಕೊಂಡು ಬರ್ಬೇಕು” ಅಂದಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಅವನು ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದ್ದ.

ಎಲ್ಲ ಬಾಗಿಲಿಗೂ ಬೀಗ ಹಾಕಿದವನು ಫೋನಿಗೆ ಹಾಕಲು ಮರೆತಿದ್ದ. ಹೆಂಡತಿ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಮೇಣದಲ್ಲಿ ಒಸಡು ತಿದ್ದುವುದು, ಅಚ್ಚಿಗೆ ಪ್ಲಾಸ್ಟರು ಹುಯ್ಯುವುದು, ಕೂದಲೆಳೆಯಷ್ಟು ಎತ್ತರವಾದ ಹಲ್ಲನ್ನು ಉಜ್ಜಿ ಸಮ ಮಾಡುವುದು. ಅಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ, ಪ್ಲಾಸ್ಟರು ಚೀಲಕ್ಕೆ ಫೋನು ಒರಗಿಸಿಕೊಂಡು, ಯಾವುದೋ ಊರಿನಲ್ಲಿ ಕೂತ ಡಾಕ್ಟರಮ್ಮನ ಹತ್ತಿರ ಮಾತಾಡಿದ್ದಾಳೆ. ಒಂದು ಸಲವಲ್ಲ, ಮೂರು ಸಲ. ರಕ್ತ ತೆಗೆಯಲು ನರ್ಸು ಲ್ಯಾಬಿಗೇ ಬಂದಿದ್ದಾಳೆ. ಸ್ಕ್ಯಾನಿಗೆ ಎದುರುಗಡೆಯ ಕಟ್ಟಡಕ್ಕೆ ನಡೆದು ಹೋಗಿದ್ದಾಳೆ. ಅವನಿಗೆ ಗಾಳಿಯೂ ತಾಗಿಲ್ಲ.

“ಆರು ವರ್ಷದಲ್ಲಿ ಮೊದಲ ಸಲ ಡಾಕ್ಟ್ರು ನನ್ನನ್ನ ಕೇಳಿದ್ರು, ನಾನೇ ಹೇಳ್ದೆ,” ಅಂದಳು. “ಗಂಡಂದು ಟೆಸ್ಟ್ ಆಗಿದೆಯಾ ಅಂದ್ರು. ಆಗಿದೆಯಂತೆ, ಕಾಗದ ನಾನು ನೋಡಿಲ್ಲ ಅಂದೆ. ಹಾಗಾದ್ರೆ ಮತ್ತೆ ಮಾಡಿಸಬೇಕು ಅಂದ್ರು.”

ಗಂಡಸಿಗೆ ಪರೀಕ್ಷೆ ಏನು ಬಂತು, ಯಾವಳೋ ಫೋನಿನಲ್ಲಿ ಹೇಳಿದಳು ಅಂತ ತಾನು ಕುಣಿಯಬೇಕಾ ಅಂತೆಲ್ಲ ಅವನು ಗುಡುಗಿದ. ಅವಳು ಕೇಳಿಸಿಕೊಂಡಳು. ಮಗು ಆಗುವುದು ಬಿಡುವುದು ಆಮೇಲಿನ ಮಾತು, ಆರು ವರ್ಷ ಹೊತ್ತ ಹೆಸರನ್ನು ಮೊದಲು ಇಳಿಸಬೇಕು ಅಂದಳು. ಪರೀಕ್ಷೆಯ ಪೆಟ್ಟಿಗೆ ಮನೆಗೇ ಬರುತ್ತದೆ, ಎಲ್ಲೂ ಹೋಗಬೇಕಿಲ್ಲ. ಈ ವಾರ ಒಪ್ಪದಿದ್ದರೆ ಭಾನುವಾರ ಈ ಹಾಳೆಗಳು ಅತ್ತಿಗೆಯ ಕೈಗೆ ಹೋಗುತ್ತವೆ. ಇಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೊರಟಳು.

ಅತ್ತಿಗೆ, ಅಂದರೆ ತನ್ನ ಅಕ್ಕ, ಅನ್ನುವ ಮಾತು ಅವನಿಗೆ ನಾಟಿತು. ಅಮ್ಮ ತೀರಿಕೊಂಡಾಗ ಅವನಿಗೆ ಎಂಟು, ಅಕ್ಕನಿಗೆ ಹನ್ನೆರಡು. ಅವನ ತಲೆ ಬಾಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಬೀದಿಯ ಹುಡುಗರು ಹೊಡೆದರೆ ಸೌಟು ಹಿಡಿದು ಓಡಿ ಬಂದವಳು ಅವಳೇ. ಅವಳ ಕಣ್ಣಲ್ಲಿ ಅವನು ಸೋತವನಾಗಿ ಕಾಣಲಾರ. ಪ್ರಾಣ ಬೇಕಾದರೂ ಹೋಗಲಿ, ಆ ಒಂದು ಮಾತು ಈ ಮನೆಯಲ್ಲಿ ಹುಟ್ಟಬಾರದು.

ಆ ದಿನವೆಲ್ಲ ಅವನು ಮೂರನೇ ನಂಬರಿನ ಕೋಣೆಯಲ್ಲಿ ಜಾಕೀಟು ಹಾಕಿಕೊಂಡು, ಸೇಬಿನ ಪೆಟ್ಟಿಗೆಗಳ ನಡುವೆ ಅಡ್ಡಾಡುತ್ತಾ ಯೋಚಿಸಿದ. ಸಂಜೆಯ ಹೊತ್ತಿಗೆ ಉರಿ ಆರಿ, ಅದರ ಜಾಗದಲ್ಲಿ ಒಂದು ಲೆಕ್ಕಾಚಾರ ಕೂತಿತ್ತು. ತನಗೆ ಒದಗಿದ ಗಂಡಾಂತರದಲ್ಲೇ ದಾರಿಯೂ ಇದೆ ಅನ್ನುವುದು ಹೊಳೆದಿತ್ತು. ಆಸ್ಪತ್ರೆಯಾಗಿದ್ದರೆ ಕಷ್ಟವಿತ್ತು. ಹೆಸರು ಕೂಗುತ್ತಾರೆ, ಕೋಣೆ ತೋರಿಸುತ್ತಾರೆ, ಹೊರಗೆ ಒಬ್ಬ ನಿಂತಿರುತ್ತಾನೆ. ಫೋನಿನ ಡಾಕ್ಟರಿಗೆ ಕಾಣುವುದು ಮುಖ ಮಾತ್ರ. ಮಿಕ್ಕದ್ದೆಲ್ಲ ಸ್ನಾನದ ಮನೆಯ ಬಾಗಿಲಿನ ಹಿಂದೆ ನಡೆಯುತ್ತದೆ. ಸೀಸೆಯ ಮೇಲಿನ ಹೆಸರು ಅವನದಾದರೆ ಸಾಕು, ಒಳಗಿನದು ಯಾರದ್ದಾದರೂ ಆಗಬಹುದು.

ವರದಿ ಚೆನ್ನಾಗಿ ಬಂದರೆ ಮುಂದೇನು ಅನ್ನುವುದನ್ನೂ ಅವನು ಯೋಚಿಸಿದ್ದ. ಇಬ್ಬರದೂ ಸರಿಯಿದ್ದು ಮಗು ಆಗದಿದ್ದರೆ ತಪ್ಪು ದೇವರದು. ದೇವರ ಮೇಲೆ ದೂರು ಬರೆದುಕೊಳ್ಳುವ ಡಾಕ್ಟರು ಇನ್ನೂ ಹುಟ್ಟಿಲ್ಲ. ಚಿಕಿತ್ಸೆ ಅಂದರೆ “ತಾನಾಗೇ ಆದರೆ ಆಗಲಿ” ಅಂದುಬಿಡುವುದು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬುಧವಾರ ಸಂಜೆ ಅವನು ಹೆಂಡತಿಗೆ ಒಪ್ಪಿಗೆ ಅಂದ. ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಇಷ್ಟು ಬೇಗ ಒಪ್ಪುತ್ತಾನೆ ಅಂದುಕೊಂಡಿರಲಿಲ್ಲ ಅನ್ನಿಸುತ್ತದೆ. ಅವನೇ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಡಾಕ್ಟರಮ್ಮನ ಮುಂದೆ ಎದೆಯುಬ್ಬಿಸಿ ಕೂತ. ನಲವತ್ತೈದರ ಆಸುಪಾಸಿನ ಹೆಂಗಸು, ಮೂಗಿನ ತುದಿಗೆ ಜಾರಿದ ಕನ್ನಡಕ, ಹಿಂದೆ ಖಾಲಿ ಗೋಡೆ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ ಅಂತ ಶುರು ಮಾಡಿದಳು. ನಾಚಿಕೆ ಯಾರಿಗಿದೆ ಅಂದ ಅವನು. ಪರೀಕ್ಷೆಗೆ ಮುಂಚೆ ಕನಿಷ್ಠ ಮೂರು ದಿನ ಸಂಯಮವಿರಬೇಕು, ಸ್ಯಾಂಪಲ್ ಮೈಶಾಖದಲ್ಲೇ ಇರಬೇಕು, ತಣ್ಣಗಾಗಬಾರದು, ಗಂಟೆಯೊಳಗೆ ಪೆಟ್ಟಿಗೆಯಲ್ಲಿನ ದ್ರಾವಣಕ್ಕೆ ಬೆರೆಸಿ ಮೊಹರು ಹಾಕಬೇಕು ಅಂದಳು. ಅವನು ನಾಲ್ಕು ಪ್ರಶ್ನೆ ಕೇಳಿದ. ನಾಲ್ಕೂ ಶಾಖದ ಬಗ್ಗೆ. ಡಾಕ್ಟರಮ್ಮನಿಗೆ ಮೆಚ್ಚುಗೆಯಾಯಿತು. ಇಷ್ಟು ಶ್ರದ್ಧೆಯಿಂದ ಕೇಳುವ ಗಂಡಂದಿರು ಅಪರೂಪ ಅಂತ ಹೆಂಡತಿಯ ಎದುರೇ ಹೇಳಿದಳು.

ಯಾರದ್ದು ತರುವುದು ಅನ್ನುವುದಕ್ಕೆ ಅವನು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಅಕ್ಕನ ಗಂಡ, ಅವನ ಭಾವ, ಕಾರ್ಖಾನೆಗಳಿಗೆ ನೀರು ಶುದ್ಧ ಮಾಡುವ ಯಂತ್ರ ಕೂರಿಸುವ ಕೆಲಸದವನು. ತಿಂಗಳಲ್ಲಿ ಹದಿನೈದು ದಿನ ಊರೂರು ಸುತ್ತುತ್ತಾನೆ. ಮೂರು ಮಕ್ಕಳಿವೆ. ಸಾಲದ್ದಕ್ಕೆ ಮೂವತ್ತೆಂಟನೇ ವಯಸ್ಸಿನಲ್ಲಿ ಅಕ್ಕ ಮತ್ತೆ ಬಸುರಿ, ಈಗ ಏಳು ತಿಂಗಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವ ಲ್ಯಾಬು ಕೊಡುತ್ತದೆ? ಜೊತೆಗೆ ಭಾವ ಚಿನ್ನದಂಥ ಮನುಷ್ಯ. ಬೀಡಿಯಿಲ್ಲ, ಕುಡಿತವಿಲ್ಲ, ಊರಿಂದ ಬರುವಾಗ ಮಕ್ಕಳಿಗೆ ಪೆನ್ಸಿಲು ತರುವುದನ್ನು ತಪ್ಪಿಸಿದವನಲ್ಲ. ಅಕ್ಕ ಹತ್ತು ಮಾತಾಡಿದರೆ ಅದರಲ್ಲಿ ಎರಡು ಗಂಡನ ಗುಣಗಾನ. ಅಂಥವನ ಬಾಯಿಂದ ಮಾತು ಹೊರಬೀಳುವುದಿಲ್ಲ.

ಭಾವ ಐದು ದಿನದ ತಿರುಗಾಟ ಮುಗಿಸಿ ಶುಕ್ರವಾರ ಮಧ್ಯಾಹ್ನ ಊರಿಗೆ ಬಂದ. ಆವತ್ತೇ ಸಂಜೆ ಅವನು ಭಾವನನ್ನು ಮನೆಯ ಹಿಂದಿನ ಕಟ್ಟೆಗೆ ಕರೆದುಕೊಂಡು ಹೋಗಿ ವಿಷಯ ತೆಗೆದ. ಪೂರ್ತಿ ನಿಜ ಹೇಳುವಷ್ಟು ಹುಚ್ಚನೇನಲ್ಲ. ಹೆಂಡತಿ ಪರೀಕ್ಷೆಯ ಭೂತ ಹಿಡಿಸಿಕೊಂಡಿದ್ದಾಳೆ, ತನ್ನದೆಲ್ಲ ಸರಿಯಾಗೇ ಇದೆ, ಆದರೆ ಲೋಟ ಕೈಗೆ ಕೊಟ್ಟು ಈಗಲೇ ಆಗಲಿ ಅಂದರೆ ತನಗೆ ಕೈಕಾಲೇ ಆಡುವುದಿಲ್ಲ ಅಂದ. ಭಾವ ಮೊದಲು ಅರ್ಥವಾಗದೆ ನೋಡಿದ. ಅರ್ಥವಾದ ಮೇಲೆ ಕಟ್ಟೆಯ ಮೇಲೆ ಕೈಯೂರಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ ಧ್ವನಿ ತಗ್ಗಿಸಿದ.

“ನನ್ನ ಹೆಸರು ಎಲ್ಲೂ ಬರಲ್ಲ ತಾನೆ?”

“ನಿಮ್ಮ ಹೆಸರು ಯಾಕೆ ಬರುತ್ತೆ ಭಾವ? ಬರೋದು ನನ್ನ ಹೆಸರು.”

“ನಿಮ್ಮಕ್ಕನಿಗೆ ಗೊತ್ತಾದ್ರೆ ನನ್ನ ಚರ್ಮ ಸುಲೀತಾಳೆ.”

“ಅಕ್ಕನಿಗೆ ನಾನು ಹೇಳ್ತೀನಾ? ಇದು ನಮ್ಮಿಬ್ಬರ ಮಧ್ಯೆ ಇರೋ ಮಾತು.”

ಭಾವ ಮೀಸೆ ತೀಡಿಕೊಂಡ. ಒಳಗೊಳಗೇ ಹೆಮ್ಮೆಯಾಗಿದ್ದು ಮುಖದಲ್ಲಿ ಕಾಣುತ್ತಿತ್ತು. ಐದು ದಿನ ಹೊರಗಿದ್ದಿರಲ್ಲ, ಸಂಯಮ ತಾನಾಗೇ ಆಗಿದೆ, ಇವತ್ತೊಂದು ರಾತ್ರಿ ತಡೆದುಕೊಳ್ಳಿ ಅಂದದ್ದಕ್ಕೆ ಭಾವ ಕೆಮ್ಮಿ, ಆಯ್ತು ಆಯ್ತು ಅಂದು ಒಳಗೆ ಎದ್ದು ಹೋದ. ಎಂಥ ಸಂಕೋಚದ ಮನುಷ್ಯ ಅಂದುಕೊಂಡ ಅವನು.

ಪೆಟ್ಟಿಗೆ ಗುರುವಾರವೇ ಬಂದಿತ್ತು. ಹೊರಗೆ ಏನೂ ಬರೆಯದ ಕಂದು ರಟ್ಟು. ಒಳಗೆ ಮುಚ್ಚಳದ ಲೋಟ, ಗುಲಾಬಿ ದ್ರಾವಣದ ಪುಟ್ಟ ಸೀಸೆ, ನಂಬರು ಹೊಡೆದ ಮೊಹರಿನ ಪಟ್ಟಿ, ಶಾಖ ಏರುಪೇರಾದರೆ ಬಣ್ಣ ಬದಲಿಸುವ ಒಂದು ಚೀಟಿ. ಅದನ್ನು ಹೆಂಡತಿಯೇ ಬಿಚ್ಚಲಿ ಅಂತ ಅವನು ಮುಟ್ಟದೆ ಇಟ್ಟಿದ್ದ. ಸಾಕ್ಷಿ ಬೇಕಾದರೆ ಅನುಮಾನಪಡುವವರನ್ನೇ ಸಾಕ್ಷಿ ಮಾಡಿಕೊಳ್ಳಬೇಕು. ಶನಿವಾರ ಅವಳಿಗೆ ರಜೆ. ಕೊರಿಯರಿನವನು ಬರುವುದು ಹನ್ನೊಂದಕ್ಕೆ. ಅಕ್ಕ ಹತ್ತಕ್ಕೆ ಹೊಟ್ಟೆಯ ತಪಾಸಣೆಗೆ ಹೊರಡುತ್ತಾಳೆ, ಮಕ್ಕಳು ಸ್ಕೂಲಿನಲ್ಲಿ. ಅಕ್ಕನ ಮನೆಗೂ ತನ್ನ ಮನೆಗೂ ಸ್ಕೂಟರಿನಲ್ಲಿ ಒಂಬತ್ತು ನಿಮಿಷ. ಎರಡು ದಿನ ಮುಂಚೆಯೇ ಅವನು ಆ ದಾರಿಯನ್ನು ಗಡಿಯಾರ ಹಿಡಿದು ಓಡಿಸಿ ನೋಡಿದ್ದ.

ಶನಿವಾರ ಹತ್ತೂ ಹತ್ತಕ್ಕೆ ಅವನು ಬ್ರೆಡ್ಡು ತರುತ್ತೇನೆಂದು ಹೊರಟ. ಭಾವ ಬಾಗಿಲ ಸಂದಿಯಿಂದ ಕಾಗದ ಸುತ್ತಿದ ಲೋಟವೊಂದನ್ನು ದಾಟಿಸಿ ಬಾಗಿಲು ಹಾಕಿಕೊಂಡ. ಅವನು ಅದನ್ನು ಅಂಗಿಯೊಳಗೆ, ಬನಿಯನ್ನಿನ ಮೇಲೆ, ಎಡಗಂಕುಳಿಗೆ ಒತ್ತಿ ಬಟ್ಟೆಪಟ್ಟಿಯಿಂದ ಕಟ್ಟಿದ. ಜೀವಮಾನವೆಲ್ಲ ತಂಪು ಕಾದವನು ಈಗ ಶಾಖ ಕಾಯಬೇಕಾಗಿ ಬಂತಲ್ಲ ಅಂತ ದಾರಿಯಲ್ಲಿ ಅವನಿಗೇ ನಗು ಬಂತು. ಸ್ಕೂಟರನ್ನು ಒಂದೇ ಕೈಯಲ್ಲಿ ಓಡಿಸಿದ. ಬ್ರೆಡ್ಡು ತರುವುದನ್ನೂ ಮರೆಯಲಿಲ್ಲ.

ಹೆಂಡತಿ ಪೆಟ್ಟಿಗೆ ಬಿಚ್ಚಿ ಸಾಮಾನುಗಳನ್ನು ಟವೆಲ್ಲಿನ ಮೇಲೆ ಸಾಲಾಗಿ ಜೋಡಿಸಿದ್ದಳು, ಲ್ಯಾಬಿನಲ್ಲಿ ಮಾಡುವ ಹಾಗೆ. ಅವನು ಎಲ್ಲ ಎತ್ತಿಕೊಂಡು ಸ್ನಾನದ ಮನೆಗೆ ಹೋಗಿ ಚಿಲಕ ಹಾಕಿದ. ತಂದದ್ದನ್ನು ಅಳತೆಯ ಗೆರೆಯವರೆಗೆ ಸೀಸೆಗೆ ಹೊಯ್ದು, ಮೆಲ್ಲನೆ ತಿರುವಿ, ಮುಚ್ಚಳ ಬಿಗಿದು ಮೊಹರು ಅಂಟಿಸಿದ. ಮಿಕ್ಕದ್ದಕ್ಕೆ ನೀರು ಬಿಟ್ಟ. ಇಷ್ಟಕ್ಕೆ ಆರು ನಿಮಿಷ ಸಾಕಾಯಿತು. ನಂಬುವ ಹಾಗಿರಬೇಕು ಅಂತ ಇನ್ನೂ ಹನ್ನೆರಡು ನಿಮಿಷ ಬಕೆಟ್ಟು ಬೋರಲು ಹಾಕಿಕೊಂಡು ಕೂತ. ಹೊರಗೆ ಬಂದು ಸೀಸೆಯನ್ನು ಹೆಂಡತಿಯ ಅಂಗೈಯಲ್ಲಿಟ್ಟ.

“ತಗೋ. ನಂಬರು ಸರಿಯಿದೆಯಾ ನೋಡ್ಕೋ. ಆಮೇಲೆ ನಾನು ಬದಲಾಯಿಸಿದೆ ಅನ್ನಬೇಡ.”

ಅವಳು ನಿಜಕ್ಕೂ ನೋಡಿದಳು. ನಂಬರು ಓದಿ, ಫೋನಿಗೆ ಬಂದಿದ್ದ ನಂಬರಿಗೆ ತಾಳೆ ಹಾಕಿ, ಕೊರಿಯರಿನವನಿಗೆ ತನ್ನ ಕೈಯಾರೆ ಕೊಟ್ಟಳು. ಬಾಗಿಲು ಹಾಕಿ ಬಂದವಳು ಸ್ವಲ್ಪ ಮೆತ್ತಗಾಗಿದ್ದಳು. ಒಪ್ಪಿಕೊಂಡಿರಲ್ಲ, ಅದು ದೊಡ್ಡದು, ಹೆಚ್ಚು ಮಂದಿ ಒಪ್ಪುವುದಿಲ್ಲವಂತೆ ಅಂದಳು. ಬ್ರೆಡ್ಡು ಕಾಯಿಸಿ ಅವನ ತಟ್ಟೆಗೆ ಹಾಕಿದಳು. ಅವನು ಗೆದ್ದವನ ಹಾಗೆ ತಿಂದ.

ಎಂಟು ದಿನದ ಮೇಲೆ, ಭಾನುವಾರ ಹನ್ನೆರಡಕ್ಕೆ, ಡಾಕ್ಟರಮ್ಮ ಇಬ್ಬರನ್ನೂ ಕೂರಿಸಿಕೊಂಡು ವರದಿ ಹೇಳುವುದೆಂದು ಗೊತ್ತಾಯಿತು. ಅವನಿಗೆ ಬರೀ ಗೆಲುವು ಸಾಲದು, ಗೆದ್ದದ್ದನ್ನು ನಾಲ್ಕು ಜನ ನೋಡಬೇಕು. ಅಕ್ಕನನ್ನೂ ಭಾವನನ್ನೂ ಊಟಕ್ಕೆ ಕರೆದ. ಹೆಂಡತಿ ಬೇಡವೆಂದಳು, ಇದು ನಮ್ಮಿಬ್ಬರ ವಿಷಯ ಅಂದಳು. ಆರು ವರ್ಷ ನಿನ್ನ ವಿಷಯ ಎಲ್ಲರೂ ಮಾತಾಡಿದ್ದಾರಲ್ಲ, ಈಗ ನನ್ನದೂ ಮಾತಾಡಲಿ ಅಂದ ಅವನು. ಭಾವ ಮಾತ್ರ ಎರಡು ಸಲ ಬರಲಾಗುವುದಿಲ್ಲ ಅಂತ ಹೇಳಿ ಕಳಿಸಿದ. ಅಕ್ಕ ಎಳೆದುಕೊಂಡು ಬಂದಳು. ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದಳು.

ಊಟದ ಮೇಜಿನ ಮೇಲೆ ಫೋನು ನಿಂತಿತು. ಎದುರಿಗೆ ಅವನು, ಪಕ್ಕದಲ್ಲಿ ಹೆಂಡತಿ. ಅಕ್ಕ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕಾಲು ನೀಡಿ ಕೂತಿದ್ದಳು. ಭಾವ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕಿತ್ತಳೆ ಸುಲಿಯುತ್ತಿದ್ದ. ಡಾಕ್ಟರಮ್ಮ ಮೊದಲು ಕೇಳಿದ್ದೇ ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ.

“ಇದ್ದಾರೆ. ನಮ್ಮಕ್ಕ, ಭಾವ. ಎಲ್ಲ ನಮ್ಮವರೇ,” ಅಂದ ಅವನು. “ಹೇಳಿ, ಮುಚ್ಚಿಡೋ ಅಂಥದ್ದು ನನ್ನ ಹತ್ತಿರ ಏನಿಲ್ಲ.”

ಆಕೆ ಒಮ್ಮೆ ಯೋಚಿಸಿ, ಇಬ್ಬರ ಒಪ್ಪಿಗೆಯನ್ನೂ ಕೇಳಿ, ಶುರು ಮಾಡಿದಳು. ಅವನ ವೀರ್ಯಾಣುಗಳ ಸಂಖ್ಯೆ ಚೆನ್ನಾಗಿದೆ. ಚೆನ್ನಾಗಿದೆ ಅಂದರೆ ಸರಾಸರಿಗಿಂತ ಬಹಳ ಮೇಲೆ. ಚಲನೆಯೂ ಸರಿಯಿದೆ, ಆಕಾರವೂ ಸರಿಯಿದೆ. ಅಕ್ಕ “ನಾನು ಹೇಳಿರ್ಲಿಲ್ವಾ” ಅಂದಳು. ಯಾರಿಗೆ, ಯಾವಾಗ ಹೇಳಿದ್ದಳೋ. ಅವನು ಹೆಂಡತಿಯ ಕಡೆಗೆ ನಿಧಾನಕ್ಕೆ ತಿರುಗಿದ. ಅವಳು ತಲೆ ತಗ್ಗಿಸಿರಲಿಲ್ಲ. ಕೈಕಟ್ಟಿ ಕೂತು ಫೋನನ್ನೇ ನೋಡುತ್ತಿದ್ದಳು. ಆ ನೋಟ ಅವನಿಗೆ ಹಿಡಿಸಲಿಲ್ಲ, ಆದರೆ ಇರಲಿ, ಇವತ್ತಲ್ಲ ನಾಳೆ ತಗ್ಗುತ್ತದೆ.

“ಇನ್ನೊಂದು ವಿಷಯ ಇದೆ,” ಅಂದಳು ಡಾಕ್ಟರಮ್ಮ. “ಇದನ್ನ ನಿಮಗೊಬ್ಬರಿಗೇ ಹೇಳೋದು ಒಳ್ಳೇದು. ಬೇರೆ ಕೋಣೆಗೆ ಹೋಗ್ತೀರಾ?”

ಹೊಗಳಿಕೆಯ ಮುಂದಿನ ಭಾಗವಿರಬೇಕು, ಚಿಕಿತ್ಸೆ ಗಿಕಿತ್ಸೆಯ ಮಾತು ಅಂದುಕೊಂಡ ಅವನು. “ಇಲ್ಲೇ ಹೇಳಿ ಮೇಡಂ. ನಾನು ಎದ್ದು ಹೋಗೋ ಗಂಡಸಲ್ಲ.” ಆಕೆ ಇನ್ನೊಂದು ಸಲ ಕೇಳಿದಳು. ಅವನು ಇನ್ನೊಂದು ಸಲ ಇಲ್ಲೇ ಅಂದ.

ಆಕೆ ಕನ್ನಡಕ ಮೇಲೇರಿಸಿ, ಮಳೆ ಬರಬಹುದು ಅನ್ನುವಷ್ಟೇ ಸಹಜವಾಗಿ ಹೇಳಿದಳು. ಮಗುವಿಗಾಗಿ ಬರುವ ದಂಪತಿಗಳ ಸ್ಯಾಂಪಲ್ಲಿನಲ್ಲಿ ಸೋಂಕುಗಳನ್ನೂ ನೋಡುತ್ತಾರೆ. ಅವನದರಲ್ಲಿ ಕ್ಲಮಿಡಿಯ ಅನ್ನುವ ಒಂದು ಸೋಂಕು ಸಿಕ್ಕಿದೆ. ಗಂಡಸರಲ್ಲಿ ಬಹಳ ಸಲ ನೋವೂ ಇರುವುದಿಲ್ಲ, ಗೊತ್ತೂ ಆಗುವುದಿಲ್ಲ. ಮಾತ್ರೆಯಲ್ಲೇ ಗುಣವಾಗುತ್ತದೆ, ಹೆದರಬೇಕಿಲ್ಲ. ಆದರೆ ಅದು ಗಾಳಿಯಿಂದ, ನೀರಿನಿಂದ ಬರುವಂಥದ್ದಲ್ಲ. ದೇಹಸಂಬಂಧದಿಂದ ಮಾತ್ರ ಬರುವಂಥದ್ದು. ಮೂರು ವಾರದ ಹಿಂದೆ ಹೆಂಡತಿಯನ್ನು ಪರೀಕ್ಷಿಸಿದಾಗ ಅವಳಲ್ಲಿ ಇರಲಿಲ್ಲ. ಅವಳನ್ನು ಮತ್ತೊಮ್ಮೆ ಪರೀಕ್ಷಿಸಬೇಕು.

ಕಿಟಕಿಯ ಹತ್ತಿರ ಕಿತ್ತಳೆ ಸುಲಿಯುವ ಸದ್ದು ನಿಂತಿತು.

ಹೆಂಡತಿ ಕಟ್ಟಿದ ಕೈ ಬಿಚ್ಚಿದಳು. “ನನಗಿಲ್ಲ,” ಅಂದಳು. “ನಿಮಗೆ ಎಲ್ಲಿಂದ ಬಂತು?”

ಅವನ ಮುಂದೆ ಎರಡೇ ಬಾಗಿಲು. ಒಂದರಲ್ಲಿ ಹೋದರೆ ಸೀಸೆಯ ಕತೆ ಹೇಳಬೇಕು, ಮಂಗನಬಾವಿನಿಂದ ಶುರು ಮಾಡಿ ಬಸ್ ನಿಲ್ದಾಣದ ಶೌಚಾಲಯದವರೆಗೆ. ಇನ್ನೊಂದರಲ್ಲಿ ಹೋದರೆ ಪರಸ್ತ್ರೀ ಸಂಗದ ಹೆಸರು. ಅವನು ತಡಮಾಡಲಿಲ್ಲ. ಕೆಟ್ಟವನು ಅನ್ನಿಸಿಕೊಂಡು ತಲೆಯೆತ್ತಿ ಓಡಾಡುವ ಗಂಡಸರು ಬೀದಿಗೆ ಹತ್ತು ಜನ ಸಿಗುತ್ತಾರೆ, ಕೈಲಾಗದವನು ಅನ್ನಿಸಿಕೊಂಡು ಓಡಾಡುವವನನ್ನು ಅವನು ನೋಡಿರಲಿಲ್ಲ. ಭಾವನ ಮೇಲೆ ಸಿಟ್ಟು ಬಂತು, ಚಿನ್ನದಂಥ ಮನುಷ್ಯನ ಐದು ದಿನದ ಸಂಯಮ ಇದೇನಾ ಅನ್ನಿಸಿತು. ಆದರೆ ಆ ಸಿಟ್ಟಿಗೆ ಈಗ ಹೊತ್ತಿಲ್ಲ. ಕುರ್ಚಿಗೆ ಬೆನ್ನು ಕೊಟ್ಟು ಕೂತ.

“ಹೌದು, ಒಂದು ಸಲ ತಪ್ಪಿದ್ದೀನಿ,” ಅಂದ. “ಎರಡು ವಾರದ ಹಿಂದೆ, ಕಂಪನಿ ಕೆಲಸಕ್ಕೆ ಹೋದಾಗ. ಯಾರೋ ಒಬ್ಬಳು. ಗಂಡಸು ಅಂದ ಮೇಲೆ ಇದೆಲ್ಲ ಇದ್ದದ್ದೇ.”

ಭಾವ ಉಸಿರು ಬಿಟ್ಟದ್ದು ಅವನ ಕಿವಿಗೆ ಬಿತ್ತು. ಹೆಂಡತಿ ಅಳಲಿಲ್ಲ, ಕೂಗಾಡಲಿಲ್ಲ. ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿಕೊಂಡಳು. “ಹಾಗಾದ್ರೆ ಇಷ್ಟು ವರ್ಷ ನಿಮ್ಮ ಪಕ್ಕ ಕೂತು ಮಾತ್ರೆ ನುಂಗಿ ವಾಂತಿ ಮಾಡ್ಕೊಂಡವಳು ನಾನು,” ಅಂದಳು. “ಇವತ್ತಿಗೆ ಸಾಕು. ನನ್ನ ಬದುಕಿಗೆ ಹೊಸ ಅಚ್ಚು ನಾನೇ ಹುಯ್ಕೋತೀನಿ.” ಅಕ್ಕನ ಮುಖ ಸುಟ್ಟ ಬದನೆಕಾಯ ಹಾಗಾಗಿತ್ತು. ಸೌಟು ಹಿಡಿದು ಓಡಿ ಬರುತ್ತಿದ್ದ ಕಾಲದಲ್ಲೂ ಅವಳು ಅವನನ್ನು ಹಾಗೆ ನೋಡಿರಲಿಲ್ಲ. ನೋಡಲಿ, ಅಂದುಕೊಂಡ ಅವನು. ಇವತ್ತು ಬೈಯುತ್ತಾಳೆ, ನಾಳೆ ನಾಲ್ಕು ಮಾತು ಆಡುತ್ತಾಳೆ, ಮುಂದಿನ ಹಬ್ಬ ಕಳೆಯುವುದರೊಳಗೆ ಮರೆಯುತ್ತಾಳೆ. ತಾನು ನಿಂತ ಜಾಗ ಗಟ್ಟಿಯಾಗಿದೆ.

ಫೋನಿನಲ್ಲಿ ಡಾಕ್ಟರಮ್ಮ ಯಾರನ್ನೂ ಬೈಯಲಿಲ್ಲ. ಇಂಥ ಮಾತುಗಳ ನಡುವೆ ಎಷ್ಟೋ ಸಲ ಕೂತಿದ್ದವಳ ಹಾಗೆ, ಕೊನೆಗೊಂದು ಮಾತು ಎಲ್ಲರಿಗೂ ಹೇಳಲೇಬೇಕು ಅಂದಳು. ಈ ಸೋಂಕು ಯಾರಿಂದ ಬಂತೋ, ಯಾರಿಗೆ ಹೋಯಿತೋ, ಅವರೆಲ್ಲರಿಗೂ ತಿಳಿಸಬೇಕು, ಹೆಸರು ಹೇಳದೆಯೂ ತಿಳಿಸುವ ದಾರಿಯಿದೆ. ಅವರಲ್ಲಿ ಯಾರಾದರೂ ಬಸುರಿಯಿದ್ದರೆ ಮಾತ್ರ ಒಂದು ದಿನವೂ ತಡ ಮಾಡಬಾರದು. ತಿಂಗಳು ತುಂಬುವ ಮುಂಚೆ ನೋವು ಬರಬಹುದು, ಹೆರಿಗೆಯಲ್ಲಿ ಮಗುವಿನ ಕಣ್ಣಿಗೂ ಶ್ವಾಸಕೋಶಕ್ಕೂ ಸೋಂಕು ತಗಲಬಹುದು. ಬೇಗ ಗೊತ್ತಾದರೆ ತಾಯಿಗೆ ಕೊಡುವ ಮಾತ್ರೆ ಇದೆ, ಅಷ್ಟರಲ್ಲೇ ಮುಗಿಯುತ್ತದೆ. ಅವನು ಲೋಟದ ಶಾಖ ಅಳೆದಿದ್ದ, ದಾರಿಯ ನಿಮಿಷ ಎಣಿಸಿದ್ದ, ಬಕೆಟ್ಟಿನ ಮೇಲೆ ಎಷ್ಟು ಹೊತ್ತು ಕೂರಬೇಕು ಅನ್ನುವುದನ್ನೂ ಲೆಕ್ಕ ಹಾಕಿದ್ದ. ಭಾವನ ಮೈಯಲ್ಲಿ ಇದ್ದದ್ದು ಯಾರ ಮೈಗೆ ಹೋಗಿರುತ್ತದೆ ಅನ್ನುವುದು ಅವನಿಗೆ ಈ ಗಳಿಗೆಯವರೆಗೆ ಹೊಳೆದಿರಲಿಲ್ಲ. ಕಿಟಕಿಯ ಹತ್ತಿರದ ಕುರ್ಚಿ ಖಾಲಿಯಾಗಿತ್ತು. ಭಾವ ಬಾಗಿಲ ಬಳಿ ಬಗ್ಗಿ, ಕಾಲಲ್ಲೇ ಇದ್ದ ಚಪ್ಪಲಿಯನ್ನು ಹುಡುಕುತ್ತಿದ್ದ. ಅಕ್ಕ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು, ಅಷ್ಟು ಸಿಟ್ಟಿನಲ್ಲೂ ಧ್ವನಿ ಒದ್ದೆ ಮಾಡಿಕೊಂಡು, “ಕೇಳಿಸ್ತೇನೋ? ಅವಳು ಯಾರಾದ್ರೂ ಆಗಿರ್ಲಿ. ಬಸುರಿಯಾಗಿದ್ರೆ ಇವತ್ತೇ ಹೋಗಿ ಹೇಳು. ಆ ಮಗು ಏನೋ ಪಾಪ ಮಾಡಿದೆ?” ಅಂದಳು. ಅವನು ಎದ್ದು ನಿಂತ. ಮೇಜಿನ ಅಂಚು ಹಿಡಿದುಕೊಂಡ. ಹೆಂಡತಿ ಅವನನ್ನೇ ನೋಡುತ್ತಿದ್ದಳು. “ಅಕ್ಕ,” ಅಂದ, “ಆ ಸೀಸೆ ನಂದಲ್ಲ.”